ಸುರುಳಿ ಚಿತ್ರ ಚೀನಾದ್ದೋ ಜಪಾನಿನದ್ದೋ? ಬೆಲೆ ಕಟ್ಟೋದು ಹೇಗೆ?

ಬಸವನಗುಡಿ_ಓದುಗ:
ಬೆಂಗಳೂರು ಕಂಟೋನ್ಮೆಂಟ್‌ನ ಹಳೇ ಮನೆಯೊಂದರ ಸಾಮಾನಿನಲ್ಲಿ ಸಿಕ್ಕಿದ್ದು. ರೇಷ್ಮೆ ಮೇಲೆ ಬಿದಿರು, ಎರಡು ಗುಬ್ಬಿ. ಎಡಕ್ಕೆ ಒಂದು ಸಾಲು ಅಕ್ಷರ, ಅದರಡಿ ಎರಡು ಕೆಂಪು ಮುದ್ರೆ. ಮೇಲಿನಿಂದ ಎರಡು ಪಟ್ಟಿ ಇಳಿಬಿದ್ದಿವೆ. ಕೆಳಗಿನ ಕೋಲಿನ ತುದಿ ದಂತದ ಹಾಗಿದೆ. ಮಡಿಕೆಗಳಲ್ಲಿ ಬಣ್ಣ ಉದುರುತ್ತಿದೆ. ಎಲ್ಲಿಯದು, ಎಷ್ಟು ಬಾಳುತ್ತದೆ? ಫ್ರೇಮ್ ಹಾಕಿಸಲೇ?

ಕಾಗದ_ಮಸಿ:
ಫ್ರೇಮ್ ಬೇಡವೇ ಬೇಡ. ಅಂಗಡಿಯವರು ಗಮ್ ಹಾಕಿ ಬೋರ್ಡಿಗೆ ಅಂಟಿಸಿದರೆ ಮತ್ತೆ ಬಿಡಿಸುವುದು ಬಲು ಕಷ್ಟ. ಮೂಲದಲ್ಲಿ ಬಳಸುವುದು ಗೋಧಿ ಪಿಷ್ಟದ ಅಂಟು, ಅದು ನೀರಿಗೆ ಸಡಿಲವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಲೂಬೇಡಿ. ಬಣ್ಣದ ಪುಡಿಯನ್ನು ಹಿಡಿದಿರುವುದು ಪ್ರಾಣಿಜನ್ಯ ಅಂಟು. ಅದು ಸತ್ವ ಕಳೆದುಕೊಂಡದ್ದರಿಂದಲೇ ಉದುರುತ್ತಿದೆ. ಪದೇ ಪದೇ ಬಿಚ್ಚಿ ಸುತ್ತಬೇಡಿ.

ಮೊದಲು ಇದು ಕೈಯಲ್ಲಿ ಬರೆದ ಚಿತ್ರವೋ ಅಚ್ಚಾದದ್ದೋ ತಿಳಿಯಬೇಕು. ನಗರ್ತಪೇಟೆಯಲ್ಲಿ ಚಿನ್ನದ ಕೆಲಸದವರು ಬಳಸುವ 10 ಪಟ್ಟಿನ ಲೂಪ್ (ಪುಟ್ಟ ಭೂತಗನ್ನಡಿ) ತಂದು ಮುದ್ರೆಯ ಅಂಚು ನೋಡಿ. ಕೆಂಪಿನಲ್ಲಿ ಸಾಲುಸಾಲು ಚುಕ್ಕೆ ಇದ್ದರೆ ಆಫ್‌ಸೆಟ್, ಅಂದರೆ ಯಂತ್ರದಲ್ಲಿ ಅಚ್ಚಾದದ್ದು. ಕೈಯಿಂದ ಒತ್ತಿದ ಮುದ್ರೆಯಾದರೆ ಕೆಂಪು ಲೇಪ ನೂಲಿನ ಮೇಲೆ ಸ್ವಲ್ಪ ದಪ್ಪಗೆ ಕೂತಿರುತ್ತದೆ. ಬಿದಿರಿನ ಗಿಣ್ಣಿನಲ್ಲಿ ಒಂದು ಗೀಟಿನ ಮೇಲೆ ಇನ್ನೊಂದು ಬಂದ ಕಡೆ ಮಸಿ ಗಾಢವಾಗಬೇಕು. ಚುಕ್ಕೆ ಇಲ್ಲ ಅಂದಮಾತ್ರಕ್ಕೆ ಕೈಯಲ್ಲಿ ಬರೆದದ್ದು ಅಂತ ತೀರ್ಮಾನಿಸಬೇಡಿ: ಬೀಜಿಂಗ್‌ನ ರೊಂಗ್‌ಬಾವ್‌ಜಾಯ್ ಎಂಬ ಹಳೇ ಕಲಾ ಅಂಗಡಿಯ ಮರದಚ್ಚಿನ ಪ್ರತಿಗಳಲ್ಲಿ ಚುಕ್ಕೆಯೇ ಇರುವುದಿಲ್ಲ.

ಎಸ್‌.ಪಿ. ರೋಡ್‌ನಲ್ಲಿ ಸಿಗುವ ಯುವಿ ಟಾರ್ಚನ್ನು ಕತ್ತಲಲ್ಲಿ ಹಿಂಬದಿಯ ಕಾಗದದ ಮೇಲೆ ಬಿಡಿ. ನೀಲಿ-ಬಿಳಿಯಾಗಿ ಹೊಳೆದರೆ ಆ ಕಾಗದ ಸುಮಾರು 1950ರ ನಂತರದ್ದು. ಹೊಳೆಯದಿದ್ದರೆ ಹಳೆಯದು ಅಂತ ಅರ್ಥವಲ್ಲ.

ಮಲ್ಲೇಶ್ವರ_8ನೇ_ಕ್ರಾಸ್:
ಇಳಿಬಿದ್ದ ಎರಡು ಪಟ್ಟಿ ಜಪಾನಿ ಕಟ್ಟಿನ (ಚಿತ್ರವನ್ನು ಕಾಗದ, ಬಟ್ಟೆಗೆ ಅಂಟಿಸಿ ಸುರುಳಿ ಮಾಡುವ ಕೆಲಸ) ಲಕ್ಷಣ, ಫೂತಾಯ್ ಅಂತಾರೆ. ಆದರೆ ಕಟ್ಟು ಹೇಳುವುದು ಕೊನೇ ಸಲ ಎಲ್ಲಿ ಕಟ್ಟಿದರು ಅನ್ನುವುದನ್ನು ಮಾತ್ರ. ಚೀನೀ ಚಿತ್ರಗಳನ್ನೂ ಜಪಾನಿನಲ್ಲಿ ಮರುಕಟ್ಟಿದ್ದಾರೆ. ಪೌಲೋನಿಯಾ ಮರದ ಹಗುರ ಪೆಟ್ಟಿಗೆ ಜೊತೆಗಿತ್ತೇ? ಮುಚ್ಚಳದ ಒಳಗೂ ಹೊರಗೂ ಬರಹ ಇರುವುದುಂಟು, ಅದನ್ನು ಎಸೆಯಬೇಡಿ.

ಅಕ್ಷರದ ಸಾಲಲ್ಲಿ ವರ್ಷ ಇದ್ದರೆ ಅದು ಹೆಚ್ಚಾಗಿ ನಮ್ಮ ಪ್ರಭವ-ವಿಭವದ ಹಾಗೆ 60 ವರ್ಷದ ಚಕ್ರ. ಚಕ್ರದ ಮೊದಲ ವರ್ಷವಾದ ಜಿಯಾಜಿ ಅಂದರೆ 1864, 1924, 1984, ಯಾವುದೂ ಆಗಬಹುದು. ಅದೊಂದರಿಂದ ಕಾಲ ಹೇಳಬೇಡಿ. ತೈಶೋ 10 ಎಂಬಂತೆ ಜಪಾನಿ ಚಕ್ರವರ್ತಿಯ ಆಳ್ವಿಕೆಯ ವರ್ಷವಿದ್ದರೆ ಖಚಿತ: 1921. ಹಳೇ ಗುರುವಿನ ಹೆಸರು ಕಂಡರೂ ಹಿಗ್ಗಬೇಡಿ, ‘ಇವರ ಶೈಲಿಯಲ್ಲಿ’ ಅಂತ ಬರೆದು ಗೌರವ ಸಲ್ಲಿಸುವುದು ಅಲ್ಲಿನ ರೂಢಿ.

ಫೋಟೊ ಹಾಕಿ. ಹಗಲು ಬೆಳಕು, ಫ್ಲಾಶ್ ಬೇಡ: ಇಡೀ ಚಿತ್ರ, ಸಾಲು, ಒಂದೊಂದು ಮುದ್ರೆ, ಹಿಂಬದಿ. ಮುದ್ರೆಯ ಪಕ್ಕ ಸ್ಕೇಲ್ ಇಡಿ. ಪ್ರಕಟವಾದ ಮುದ್ರೆಗಳ ಜೊತೆ ಹೋಲಿಸುವಾಗ ಒಂದು ಮಿಲಿಮೀಟರ್ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.

ಬಸವನಗುಡಿ_ಓದುಗ:
ಪೆಟ್ಟಿಗೆ ಇಲ್ಲ ಸಾರ್. ಲೂಪ್‌ನಲ್ಲಿ ಚುಕ್ಕೆ ಕಾಣಲಿಲ್ಲ, ಗಿಣ್ಣಲ್ಲಿ ಮಸಿ ಗಾಢವಾಗಿದೆ. ಹಾಂಗ್‌ಕಾಂಗ್ ಹರಾಜಿಗೆ ಕಳಿಸಬಹುದೇ?

ಹರಾಜು_ಪಟ್ಟಿ:
ಕಳಿಸುವ ಮುನ್ನ ಕಾನೂನು ನೋಡಿ. 1972ರ ಪ್ರಾಚ್ಯವಸ್ತು ಕಾಯ್ದೆಯಲ್ಲಿ 100 ವರ್ಷ ದಾಟಿದ ಚಿತ್ರ ಪ್ರಾಚ್ಯವಸ್ತು. ಅದು ಯಾವ ದೇಶದ್ದೇ ಇರಲಿ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಅಷ್ಟು ಹಳೆಯದಲ್ಲ ಎನ್ನುವ ಪ್ರಮಾಣಪತ್ರಕ್ಕೆ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಎಎಸ್‌ಐ (ಭಾರತೀಯ ಪುರಾತತ್ವ ಇಲಾಖೆ) ಕಚೇರಿಯಲ್ಲಿ ಕೇಳಿ.

ಕೋಲಿನ ತುದಿಯನ್ನು ಲೂಪ್‌ನಲ್ಲಿ ನೋಡಿ. ಚಪ್ಪಟೆ ಮುಖದಲ್ಲಿ ಒಂದಕ್ಕೊಂದು ಅಡ್ಡ ಹಾಯುವ ಬಲೆಯಂಥ ಗೆರೆಗಳಿದ್ದರೆ ದಂತ, ಸಣ್ಣ ಕಪ್ಪು ಗುಳಿಗಳಿದ್ದರೆ ಮೂಳೆ. ಬಿಸಿ ಸೂಜಿ ಚುಚ್ಚಿ ನೋಡಬೇಡಿ. ದಂತವಾದರೆ ವನ್ಯಜೀವಿ ಕಾಯ್ದೆ ಪ್ರಕಾರ ಇಲ್ಲೂ ಮಾರುವಂತಿಲ್ಲ.

ಬೆಲೆ ಬಗ್ಗೆ: ಆನ್‌ಲೈನ್‌ನಲ್ಲಿ ಕೇಳುವ ದರ ಬಿಡಿ, ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ದರ ಹುಡುಕಿ. ಹೆಸರಿಲ್ಲದ ಚಿತ್ರಕಾರರ 20ನೇ ಶತಮಾನದ ಜಪಾನಿ ಸುರುಳಿಗಳು ಹೊರದೇಶದಲ್ಲಿ ಬಹಳ ಸಲ 100–200 ಡಾಲರ್ ಒಳಗೇ ಹೋಗುತ್ತವೆ. ಮಡಿಕೆ, ಉದುರುವಿಕೆ ಅದನ್ನೂ ಇಳಿಸುತ್ತವೆ. ದೊಡ್ಡ ಹೆಸರು ಓದಿ ಬಂದರೆ ಮಾತ್ರ ಲೆಕ್ಕ ಬೇರೆ, ಆಗ ನಕಲಿಯ ಅನುಮಾನವೂ ಜಾಸ್ತಿ. ಹೆಸರು ಓದಿಸುವ ತನಕ ರಿಪೇರಿಗೆ ದುಡ್ಡು ಹಾಕಬೇಡಿ. ಆಮೇಲೆ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ (ಪರಂಪರೆ ಉಳಿಸುವ ಸಂಸ್ಥೆ) ಸಂರಕ್ಷಣಾ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಸಡಿಲವಾಗಿ ಸುತ್ತಿ, ತೊಳೆದ ಹತ್ತಿ ಬಟ್ಟೆಯಲ್ಲಿ ಕಟ್ಟಿ, ಹೊರಗೋಡೆಗೆ ತಾಗದ ಬೀರುವಿನಲ್ಲಿಡಿ. ಪ್ಲಾಸ್ಟಿಕ್ ಕವರ್ ಬೇಡ, ಮಳೆಗಾಲದಲ್ಲಿ ಒಳಗೇ ಬೂಷ್ಟು ಹಿಡಿಯುತ್ತದೆ.