ಅಕ್ರಿಲಿಕ್ ಪ್ಲೇಟ್‌ನಲ್ಲಿ ಸ್ವಿಚ್ ಸಡಿಲ, ಸ್ಟೀಲ್‌ಗೆ ಕೊಡೋ ಮುಂಚೆ ಫೈಲ್ ತಿದ್ದಬೇಕಾ?

ಗಾಜಿನಮನೆ_65:
ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ. 65% ಕೀಬೋರ್ಡ್ (ನಂಬರ್ ಪ್ಯಾಡ್ ಇಲ್ಲದ ಚಿಕ್ಕ ಕೀಲಿಮಣೆ) ಕಟ್ಟುತ್ತಿದ್ದೇನೆ. ಹಾಟ್‌ಸ್ವಾಪ್ ಪಿಸಿಬಿ (ಬೆಸುಗೆ ಇಲ್ಲದೆ ಸ್ವಿಚ್ ಸಿಕ್ಕಿಸುವ ಸರ್ಕ್ಯೂಟ್ ಬೋರ್ಡ್), ಚೆರ್ರಿ ಕಂಪನಿ ಮಾದರಿಯ ಎಂಎಕ್ಸ್ ಸ್ವಿಚ್ ಎಲ್ಲಾ ಕೈಗೆ ಬಂದಿದೆ, ಸ್ವಿಚ್‌ಗಳನ್ನು ಹಿಡಿದಿಡುವ ಪ್ಲೇಟ್ ಮತ್ತು ಕೇಸ್ ಮಾತ್ರ ನಾನೇ ಡಿಸೈನ್ ಮಾಡಬೇಕು ಅಂತ ಆಸೆ. ಲೇಔಟ್ ಎಡಿಟರ್‌ನಲ್ಲಿ ಕೀಗಳನ್ನು ಜೋಡಿಸಿ, ಪ್ಲೇಟ್ ಜನರೇಟರ್‌ನಿಂದ ಡಿಎಕ್ಸ್‌ಎಫ್ (ಕಟಿಂಗ್ ಮೆಷಿನ್‌ಗೆ ಕೊಡುವ ಡ್ರಾಯಿಂಗ್ ಫೈಲ್) ತೆಗೆದು, ಮೊದಲು ಸ್ಯಾಂಪಲ್ ನೋಡೋಣ ಅಂತ ಇಲ್ಲೇ ನೇಮ್‌ಬೋರ್ಡ್ ಅಂಗಡಿಯಲ್ಲಿ 3 ಮಿ.ಮೀ. ಅಕ್ರಿಲಿಕ್‌ನಲ್ಲಿ ಲೇಸರ್ ಕಟ್ ಮಾಡಿಸಿದೆ. ಫೈಲ್‌ನಲ್ಲಿ ಸ್ವಿಚ್ ಕೂರುವ ಚೌಕ ತೂತು 14 ಮಿ.ಮೀ. ಇದೆ. ಕ್ಯಾಲಿಪರ್ ಇಟ್ಟರೆ 14.2 ತೋರಿಸುತ್ತದೆ. ಸ್ವಿಚ್ ಅಲ್ಲಾಡುತ್ತದೆ, ಕೀಕ್ಯಾಪ್ ಕೀಳಲು ಹೋದರೆ ಸ್ವಿಚ್ಚೇ ಎದ್ದು ಬರುತ್ತದೆ.

ಈಗ ಪೀಣ್ಯದಲ್ಲಿ 1.5 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಕಟ್ ಮಾಡಿಸಬೇಕು ಅಂತಿದ್ದೇನೆ. ಎಲ್ಲಾ ತೂತನ್ನೂ 13.8 ಮಾಡಿ ಕಳಿಸಿಬಿಡಲಾ? ಇನ್ನೊಂದು, ಕೇಸ್‌ಗೆ ಅದೇ 3 ಮಿ.ಮೀ. ಅಕ್ರಿಲಿಕ್ ಪದರ ಒಂದರ ಮೇಲೊಂದು ಜೋಡಿಸಿದರೆ ಪ್ಲೇಟ್ ಕೆಳಗೆ ಎಷ್ಟು ಪದರ ಬೇಕು?

ಹರಿಹರ_ಫಿಟ್ಟರ್:
ಬೇಡ ಬೇಡ, ಆ 13.8 ಫೈಲನ್ನು ಸ್ಟೀಲ್‌ಗೆ ಕಳಿಸಬೇಡಿ.

ಗರಗಸ ಮರ ತಿಂದ ಹಾಗೆ ಲೇಸರ್ ಕೂಡ ಗೆರೆಯ ಮೇಲೆ ಒಂದಿಷ್ಟು ತಿನ್ನುತ್ತದೆ, ಅದೇ ಕರ್ಫ್. ನೇಮ್‌ಬೋರ್ಡ್ ಅಂಗಡಿಯವರು ಸಾಮಾನ್ಯವಾಗಿ ಫೈಲ್ ಹೆಂಗಿದೆಯೋ ಹಂಗೇ ಓಡಿಸುತ್ತಾರೆ. ಬೀಮ್ ನಿಮ್ಮ ಗೆರೆಯ ನಡುವೆ ಹೋಗಿ ಆ ಕಡೆ 0.1, ಈ ಕಡೆ 0.1 ತಿಂದು ತೂತು 14.2 ಆಗಿದೆ. ಶೀಟ್ ಮೆಟಲ್ ಜಾಬ್‌ವರ್ಕ್ ಮಾಡುವವರ ಕಥೆ ಬೇರೆ. ಅವರ ಸಾಫ್ಟ್‌ವೇರ್ ಬಹುಪಾಲು ಕರ್ಫ್ ಬಿಟ್ಟುಕೊಂಡೇ ಕಟ್ ಮಾಡುತ್ತದೆ. ನೀವು 13.8 ಬರೆದರೆ ಅಲ್ಲಿ ನಿಜಕ್ಕೂ 13.8 ಬರುತ್ತದೆ, ಸ್ವಿಚ್ ಒಳಗೇ ಹೋಗಲ್ಲ. ಆಮೇಲೆ ಅರವತ್ತಕ್ಕೂ ಹೆಚ್ಚು ತೂತನ್ನು ಅರ ಹಾಕಿ ಉಜ್ಜುತ್ತಾ ಕೂರಬೇಕು. ಅದಕ್ಕೇ ಸ್ಟೀಲ್ ಫೈಲ್‌ನಲ್ಲಿ 14.0 ಇರಲಿ, 'ಕಟ್ ಆದ ಮೇಲಿನ ಅಳತೆ 14' ಅಂತ ಬರೆದೇ ಕೊಡಿ.

ಚೆರ್ರಿಯವರ ಅಳತೆ ಪ್ರಕಾರ ತೂತು 14, ಹೆಚ್ಚು ಕಡಿಮೆ 0.05 ಅಷ್ಟೇ. ಪ್ಲೇಟ್ ದಪ್ಪ 1.5, ಹೆಚ್ಚು ಕಡಿಮೆ 0.1. ನಿಮ್ಮ ಸ್ವಿಚ್ ಎದ್ದು ಬರೋದಕ್ಕೆ ಈ ದಪ್ಪವೂ ಕಾರಣ, ಬರೀ 14.2 ಅಲ್ಲ. ಸ್ವಿಚ್‌ನ ಪಕ್ಕದ ಕ್ಲಿಪ್ 1.5 ಮಿ.ಮೀ. ಪ್ಲೇಟ್‌ನ ಕೆಳಗಿನ ಅಂಚಿಗೆ ಸಿಕ್ಕಿಕೊಳ್ಳಬೇಕು. 3 ಮಿ.ಮೀ.ನಲ್ಲಿ ಅಂಚೇ ಸಿಗಲ್ಲ, ಬರೀ ಬಿಗಿಯಲ್ಲಿ ನಿಲ್ಲಬೇಕು. ಶೀಟನ್ನೂ ಅಳೆದು ತಗೊಳ್ಳಿ. '16 ಗೇಜ್' ಅಂತ ಕೇಳಿದರೆ 1.6 ದಾಟಿದ್ದು ಬರಬಹುದು.

ಮತ್ತೆ ಅಕ್ರಿಲಿಕ್‌ನಲ್ಲೇ ಪ್ರಯೋಗ ಮಾಡೋದಿದ್ದರೆ ಇಡೀ ಪ್ಲೇಟ್ ಕಟ್ ಮಾಡಿಸಬೇಡಿ. ಉಳಿದ ತುಂಡಿನಲ್ಲಿ 13.8, 13.85, 13.9 ಹೀಗೆ ಐದು ತೂತು ಹೊಡೆಸಿ, ಪಕ್ಕದಲ್ಲಿ ನಂಬರ್ ಕೆತ್ತಿಸಿ, ಯಾವುದರಲ್ಲಿ ಸ್ವಿಚ್ ಟಕ್ ಅಂತ ಕೂರುತ್ತದೋ ಅದೇ ನಿಮ್ಮ ಅಳತೆ. ಆ ಮೆಷಿನ್‌ಗೆ, ಆ ಶೀಟ್‌ಗೆ ಮಾತ್ರ.

ಕೋಟೆ_ಕೀಲಿಮಣೆ:
ಚಿತ್ರದುರ್ಗದಿಂದ. ಫಿಟ್ಟರ್ ಅಣ್ಣ ಹೇಳಿದ್ದು ಸರಿ, ಆದರೆ ಸ್ಟೀಲೇ ಯಾಕೆ? ಗಟ್ಟಿ ಇರುತ್ತದೆ ನಿಜ, ಸದ್ದೂ ಹಂಗೇ ಕಟುವಾಗಿರುತ್ತದೆ. ಪಿಸಿಬಿ ಮಾಡುವ ಕಡೆಯೇ 1.6 ಮಿ.ಮೀ. ಎಫ್‌ಆರ್4 (ಪಿಸಿಬಿಗೆ ಬಳಸುವ ಗ್ಲಾಸ್ ಫೈಬರ್ ಹಾಳೆ) ಪ್ಲೇಟ್ ಮಾಡಿಸಬಹುದು. ಅದು ಮಿಲ್ಲಿಂಗ್, ಲೇಸರ್ ಅಲ್ಲ, ಈ ಕರ್ಫ್ ತಲೆನೋವೇ ಇಲ್ಲ. ನನಗಂತೂ ಅದರ ಸದ್ದೇ ಇಷ್ಟ.

ಕೇಸ್ ಲೆಕ್ಕಕ್ಕೆ ಬರೋಣ. ಪ್ಲೇಟ್‌ನ ಮೇಲ್ಮೈಯಿಂದ ಪಿಸಿಬಿಯ ಮೇಲ್ಮೈಗೆ 5 ಮಿ.ಮೀ. ಅದರಲ್ಲಿ ಪ್ಲೇಟ್ 1.5 ಹೋದರೆ ಉಳಿದದ್ದು 3.5, ಪಿಸಿಬಿ 1.6, ಅಲ್ಲಿಗೆ 5.1. ಪಿಸಿಬಿ ಅಡಿಯಲ್ಲಿ ಹಾಟ್‌ಸ್ವಾಪ್ ಸಾಕೆಟ್ ಇರುತ್ತದೆ, ಯುಎಸ್‌ಬಿ-ಸಿ ಪೋರ್ಟ್ ಇದ್ದರೆ ಅದಕ್ಕೇ 3 ಮಿ.ಮೀ. ಮೇಲೆ ಬೇಕು, ಒಟ್ಟು 8 ದಾಟಿತು. ಮೂರು ಪದರಕ್ಕೆ 9 ಆಗುತ್ತದೆ, ಹಿಡಿಯುತ್ತದೆ ಆದರೆ ಸದ್ದು ತಗ್ಗಿಸುವ ಫೋಮ್‌ಗೆ ಜಾಗ ಇಲ್ಲ. ನಾಲ್ಕು ಹಾಕಿ. '3 ಮಿ.ಮೀ.' ಶೀಟ್ ಅಳೆದರೆ 2.7 ಬರೋದೂ ಉಂಟು, ಆಗ ಮೂರು ಪದರ 8.1 ಅಷ್ಟೇ!

ಹಿಂದಿನ ಕಿಂಡಿಯನ್ನು ಪೋರ್ಟ್ ಅಳತೆಗೆ ಬಿಡಬೇಡಿ. ಯುಎಸ್‌ಬಿ-ಸಿ ಸ್ಟ್ಯಾಂಡರ್ಡ್ ಪ್ರಕಾರ ಕೇಬಲ್‌ನ ಪ್ಲಾಸ್ಟಿಕ್ ತಲೆ ಹೆಚ್ಚೆಂದರೆ 12.35 × 6.5 ಇರಬೇಕು, 13 × 7 ಬಿಟ್ಟರೆ ಆ ಅಳತೆಯ ಕೇಬಲ್ ಹೋಗುತ್ತದೆ.

ಗಾಜಿನಮನೆ_65:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಂಗಡಿಯವರು ಸ್ಯಾಂಪಲ್‌ಗೆ ಸನ್‌ಬೋರ್ಡ್ ಅಗ್ಗ, ಅದರಲ್ಲೇ ಹೊಡೆಯೋಣ ಅಂತಿದ್ದಾರೆ. ನಡೆಯುತ್ತಾ?

ಹರಿಹರ_ಫಿಟ್ಟರ್:
ಖಂಡಿತ ಬೇಡ. ಸನ್‌ಬೋರ್ಡ್ ಅಂದ್ರೆ ಪಿವಿಸಿ. ಲೇಸರ್ ಬಿದ್ದರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಆಳಿಗೂ ಕೆಟ್ಟದ್ದು, ಮೆಷಿನ್ನೂ ತುಕ್ಕು ಹಿಡಿಯುತ್ತದೆ. ಐದು ತೂತಿನ ತುಂಡಿಗೆ ಅಂಗಡಿಯ ಕಸದಲ್ಲೇ ಅಕ್ರಿಲಿಕ್ ಚೂರು ಸಿಗುತ್ತೆ, ಕೇಳಿ.

ಕೋಟೆ_ಕೀಲಿಮಣೆ:
ಕೇಸ್ ಫೈಲ್ ಆದ ಮೇಲೆ ಇಲ್ಲಿ ಹಾಕಿ, ಸ್ಕ್ರೂ ತೂತು ನೋಡೋಣ. ಎಂ3 ಬೋಲ್ಟ್ ಆದರೆ 3.2 ಇಡಿ, ಅಂಚಿನಿಂದ ತುಸು ಒಳಗೇ ಇರಲಿ, ಇಲ್ಲಾಂದ್ರೆ ಟೈಟ್ ಮಾಡುವಾಗ ಅಕ್ರಿಲಿಕ್ ಸೀಳುತ್ತದೆ.