ಶೀನ ಹೊಗೆ ಹಾಕಿದ ಭಾನುವಾರ

"ಗೌಡ್ರೇ, ಇದು ಬರೀ ಡ್ರಮ್ ಅಲ್ಲ" ಎಂದ ಶೀನ.

"ಹೌದು, ಮುಚ್ಚಳಾನೂ ಇದೆ" ಎಂದರು ಗೌಡ್ರು.

ಅಮೆರಿಕದ ಆಸ್ಟಿನ್ನಿನ ಬಿಸಿಲಲ್ಲಿ, ಶೀನನ ಹಿತ್ತಿಲಲ್ಲಿ, ಕಪ್ಪು ಬಣ್ಣ ಬಳಿದುಕೊಂಡು ನಿಂತಿತ್ತು 55 ಗ್ಯಾಲನ್ ಡ್ರಮ್. ಅಂದರೆ ಹೆಚ್ಚುಕಮ್ಮಿ 208 ಲೀಟರ್. ಊರಲ್ಲಾಗಿದ್ದರೆ ಬೋರ್‌ವೆಲ್ ಕೈಕೊಟ್ಟ ದಿನಕ್ಕೆ ನೀರು ತುಂಬಿಡುತ್ತಿದ್ದೆವು. ಇಲ್ಲಿ ಅದರೊಳಗೆ ಎಂಟು ಪೌಂಡಿನ ಹಂದಿ ಭುಜ ಬೆಳಿಗ್ಗೆ 6ರಿಂದ ತಪಸ್ಸಿಗೆ ಕೂತಿತ್ತು. ಮಧ್ಯಾಹ್ನದ ಊಟಕ್ಕೆ ಅಂತ ನಮ್ಮನ್ನು ಕರೆದಿದ್ದ. ಆಗಲೇ ಸಂಜೆ 4 ಆಗಿತ್ತು.

"ಬುಡದಲ್ಲಿ ಮುಕ್ಕಾಲು ಇಂಚಿನ ಮೂರು ತೂತು ಕೊರೆದೆ. ಗಾಳಿ ಅಲ್ಲಿಂದ ಒಳಗೆ ಬರುತ್ತೆ, ಮುಚ್ಚಳದ ತೂತಿಂದ ಹೊಗೆ ಹೊರಗೆ ಹೋಗುತ್ತೆ. ಒಳಗೆ 225 ಡಿಗ್ರಿ ಫ್ಯಾರನ್‌ಹೀಟ್ ನಿಲ್ಲಬೇಕು. ನಮ್ಮ ಸೆಲ್ಸಿಯಸ್ಸಲ್ಲಿ 107."

"ಜ್ವರ ಬಂದ ಹಾಗಿದೆ."

"ಯಾರಿಗೆ?"

"ನಿನಗೆ."

ಜ್ವರ ಬಂದಿದ್ದು ಲಾಕ್‌ಹಾರ್ಟ್‌ನಲ್ಲಿ. ಆಸ್ಟಿನ್ನಿನ ದಕ್ಷಿಣಕ್ಕಿರುವ ಪುಟ್ಟ ಊರು. 1999ರಲ್ಲಿ ಟೆಕ್ಸಾಸಿನ ಶಾಸನಸಭೆಯೇ ಅದನ್ನು ಬಾರ್ಬೆಕ್ಯೂ, ಅಂದರೆ ಹೊಗೆಯಲ್ಲಿ ಬೇಯಿಸಿದ ಮಾಂಸದ ರಾಜಧಾನಿ ಅಂತ ಘೋಷಿಸಿತು. ಶೀನ ಅಲ್ಲಿ ಒಂದು ದಿನ ಊಟ ಮಾಡಿ ಬಂದ. ಮಾರನೇ ದಿನ ಡ್ರಮ್ ಹುಡುಕಲು ಹೊರಟ.

"ಸತುವಿನ ಲೇಪ ಇರೋದು ತಗೊಂಡಿಲ್ಲ ತಾನೇ? ಕಾದರೆ ವಿಷ" ಎಂದ ಮೂರ್ತಿ. ಮೂರ್ತಿ ಮೊಟ್ಟೆಯನ್ನೂ ಮುಟ್ಟದವನು. ಆದರೆ ಮಾಂಸದ ಬಗ್ಗೆ ಅವನಷ್ಟು ಓದಿದವರು ನಮ್ಮಲ್ಲಿ ಇಲ್ಲ.

"ಇಲ್ಲಪ್ಪ, ಎಣ್ಣೆ ತುಂಬಿದ್ದ ಡ್ರಮ್. ಅಡುಗೆ ಎಣ್ಣೆ. ಒಳಗಿನ ಲೈನಿಂಗ್ ಹೋಗಲಿ ಅಂತ ಎರಡು ಸಲ ಬೆಂಕಿ ಹಾಕಿದೆ. ಡ್ರಮ್ ಬರೀ 20 ಡಾಲರ್."

"ಉಳಿದ 400 ಡಾಲರಿನ ವಿಷಯಾನೂ ಹೇಳಿ" ಎಂದಳು ಪದ್ದಿ, ಅಡುಗೆಮನೆ ಕಿಟಕಿಯಿಂದ.

ಶೀನನಿಗೆ ಕೇಳಿಸಲಿಲ್ಲ. ಅವನ ಫೋನ್ ಕೂಗುತ್ತಿತ್ತು. ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರ್ ಫೋನಿಗೆ ವರದಿ ಒಪ್ಪಿಸುತ್ತೆ. ಬುಡದ ತೂತಿಗೆ ಕೂರಿಸಿದ ಪುಟ್ಟ ಫ್ಯಾನು, ಕೆಂಡ ಮಂಕಾದರೆ ತಾನೇ ಗಾಳಿ ಊದುತ್ತೆ.

"ಊದುಗೊಳವೆ" ಎಂದರು ಗೌಡ್ರು.

"ಅಲ್ಲ ಗೌಡ್ರೇ, ಇದು ಬ್ಲೂಟೂತ್."

"ಬ್ಲೂಟೂತ್ ಊದುಗೊಳವೆ."

160 ಡಿಗ್ರಿಗೆ ಬಂದ ಮಾಂಸ ಮೂರು ಗಂಟೆಯಿಂದ ಅಲ್ಲೇ ಕೂತಿತ್ತು. 203 ಆಗಬೇಕು. ಶೀನ ಫೋನನ್ನು ಎರಡು ಸಲ ಕುಟ್ಟಿ ನೋಡಿದ.

"ಅದು ಬೆವರ್ತಿದೆ. ಒಳಗಿನ ನೀರು ಆವಿಯಾಗ್ತಾ ಮೈ ತಣ್ಣಗಾಗುತ್ತೆ. ನಮಗೆ ಬೆವರು ಬಂದು ತಂಪಾಗಲ್ವಾ, ಹಾಗೆ. ಗಾಬರಿ ಬೇಡ, ಕಾಯಬೇಕು" ಎಂದ ಮೂರ್ತಿ.

"ಬೆವರೋದು ಹಂದಿ, ಹಸಿಯೋದು ನಾವು" ಎಂದರು ಗೌಡ್ರು.

"ಚರಿತ್ರೆ ಗೊತ್ತಾ ನಿಮಗೆ?" ಎಂದ ಮೂರ್ತಿ. " ಜರ್ಮನಿ, ಚೆಕ್ ಕಡೆಯಿಂದ ಬಂದವರು ಇಲ್ಲಿ ಮಾಂಸದಂಗಡಿ ಇಟ್ಟರು. ಆಗ ಫ್ರಿಜ್ ಎಲ್ಲಿ? ಮಾರಾಟವಾಗದೆ ಉಳಿದದ್ದು ಕೆಡಬಾರದು ಅಂತ ಹೊಗೆ ಹಾಕಿದರು."

"ಅದಕ್ಕೇ ನನಗೆ ಅರ್ಥ ಆಗದೆ ಇರೋದು. ಅವರು ಫ್ರಿಜ್ ಇಲ್ಲ ಅಂತ ಹೊಗೆ ಹಾಕಿದರು. ಇವನ ಮನೇಲಿ ಎರಡು ಫ್ರಿಜ್ ಇದೆ, ಗ್ಯಾರೇಜಲ್ಲಿ ಇನ್ನೊಂದು. ಫ್ರಿಜ್ಜಿಂದ ತೆಗೆದು ಹೊಗೆಗೆ, ಹೊಗೆಯಿಂದ ತೆಗೆದು ಫ್ರಿಜ್ಜಿಗೆ. ಹಂದಿಗೆ ಸತ್ತ ಮೇಲೂ ವರ್ಗಾವಣೆ ತಪ್ಪಲಿಲ್ಲ."

"ರುಚಿ ಗೌಡ್ರೇ, ರುಚಿ! ಪೋಸ್ಟ್ ಓಕ್ ಸೌದೆ. ಹೊಗೆ ತೆಳ್ಳಗೆ, ನೀಲಿಯಾಗಿ ಇರಬೇಕು. ದಟ್ಟ ಬಿಳಿ ಹೊಗೆ ಬಂದರೆ ಮಾಂಸ ಕಹಿ."

ಅಷ್ಟರಲ್ಲಿ ಫ್ಯಾನು ಜೋರಾಗಿ ಊದಿತು. ದಟ್ಟ ಬಿಳಿ ಹೊಗೆ ಎದ್ದು ನೇರ ಗೌಡ್ರ ಮುಖಕ್ಕೆ ಬಂತು. ಶೀನ ತೂತು ಮುಚ್ಚಲು ಓಡಿದ. ಗೌಡ್ರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ತೀರ್ಥಹಳ್ಳಿ ಮಳೆ" ಎಂದರು, ಕೆಮ್ಮು ಮುಗಿಸಿ. "ಅಜ್ಜಿ ಒಲೆ ಮೇಲೆ ಬಿದಿರಿನ ತಟ್ಟಿ ತೂಗು ಹಾಕಿದ್ದಳು. ಉಪ್ಪು, ಅರಿಸಿನ ಸವರಿದ ಮಾಂಸ ಅದರ ಮೇಲೆ. ಪಕ್ಕದಲ್ಲಿ ಒಣ ಮೀನು, ಬೀಜಕ್ಕಿಟ್ಟ ಸೌತೆಕಾಯಿ, ಒದ್ದೆ ಕಂಬಳಿ. ಕೆಳಗೆ ನಾವು ಮಕ್ಕಳು. ಎಲ್ಲರಿಗೂ ಒಂದೇ ಹೊಗೆ. ಜಂತಿಯಿಂದ ಇಲ್ಲಣ ಉದುರಿ ಗಂಜಿಗೆ ಬಿದ್ದರೆ ಬೆರಳಲ್ಲಿ ತೆಗೆದು ಕುಡೀತಿದ್ದೆವು."

"ನೋಡಿ ಮತ್ತೆ! ನಾನು ಮಾಡಿದ್ದೂ ಅದೇ" ಎಂದ ಶೀನ, ಖುಷಿಯಾಗಿ.

"ಶಿವಮೊಗ್ಗ ಹಾಸ್ಟೆಲ್‌ನಲ್ಲಿ ನನ್ನನ್ನ ಹೊಗೆ ಗೌಡ ಅಂತಿದ್ದರು ಕಣೋ. ಪಕ್ಕದ ಮಂಚದವನು ವಾರ್ಡನ್‌ಗೆ ಹೇಳಿ ಬೇರೆ ರೂಮಿಗೆ ಹೋದ. ಇರೋ ಎರಡು ಅಂಗೀನ ಎರಡೆರಡು ಸಲ ಒಗೀತಿದ್ದೆ. ಒಗೆದಷ್ಟೂ ಹೊಗೆ."

ನಾವು ನಕ್ಕೆವು. ಗೌಡ್ರೂ ನಕ್ಕರು, ಸ್ವಲ್ಪ ತಡವಾಗಿ.

"ಈಗ ಅದೇ ವಾಸನೆ ಬರಲಿ ಅಂತ ನೀನು 400 ಡಾಲರ್ ಸುರೀತಿದ್ದೀಯ. ನನಗೆ ಬಿಟ್ಟಿ ಸಿಕ್ಕಿತ್ತು, ತೊಳೆದು ಕಳ್ಕೊಂಡೆ."

"ಆ ತಟ್ಟಿ ಈಗಲೂ ಇದೆಯಾ?"

"ಇಲ್ಲ. ಮನೆಗೆ ಗ್ಯಾಸ್ ಬಂದ ದಿನ ಅಜ್ಜೀನೇ ಇಳಿಸಿ, ಮುರಿದು, ಒಲೆಗೆ ಹಾಕಿದಳು. 'ಪೀಡೆ ತೊಲಗಿತು' ಅಂದಳು. ಅಷ್ಟೊತ್ತಿಗೆ ಅವಳ ಕಣ್ಣು ಮುಕ್ಕಾಲು ಹೋಗಿತ್ತು."

ಫೋನ್ ಕೂಗಿತು. 161.

ಮೂರ್ತಿ ಬಹಳ ಹೊತ್ತು ಯೋಚಿಸಿ ಕೇಳಿದ. "ಅಜ್ಜಿ ಒಟ್ಟು ಎಷ್ಟು ಗಂಟೆ ಹೊಗೆಗೆ ಇಡ್ತಿದ್ದರು?"

"ಗಂಟೆ ಅಲ್ಲ ಮೂರ್ತಿ. ಮಳೆ ನಿಲ್ಲೋವರೆಗೆ."

ಆಸ್ಟಿನ್ನಿನ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಏಳು ಗಂಟೆಗೆ 168. ಪದ್ದಿ ಇನ್ನು ಕಾಯಲಿಲ್ಲ, ಉಪ್ಪಿಟ್ಟು ತಂದಿಟ್ಟಳು. ನಮ್ಮ ಮಾತು ಕೇಳುತ್ತಾ ನಿಂತವಳು ಒಲೆ ಕಡೆ ನೋಡಿರಲಿಲ್ಲ, ಪಾತ್ರೆ ತಳ ಹಿಡಿದಿತ್ತು. ಶೀನ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದ.

"ಏನೇ ಇದು, ಹೊಗೆ ವಾಸನೆ!"

ಗೌಡ್ರು ತಮ್ಮ ತಟ್ಟೆಗೆ ಇನ್ನೊಂದು ಸೌಟು ಹಾಕಿಸಿಕೊಂಡರು.