ಸಹಾಯ ಬೇಕು: ಇಲಿಗಳಲ್ಲಿ ಬಿಡದೆ ಉಳಿದ ನೊರೊವೈರಸ್

ಪುಣೆಯ ಕನ್ನಡ ಬಳಗಕ್ಕೆ ನಮಸ್ಕಾರ. ನಾನು ಧಾರವಾಡದವಳು, ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಮ್ಮ ಪ್ರಯೋಗದ ಇಲಿಗಳ ಹಿಕ್ಕೆಯನ್ನು ಪಿಸಿಆರ್ ಮಾಡಿಸಿದಾಗ ಮ್ಯೂರೈನ್ ನೊರೊವೈರಸ್ (ಇಲಿಗಳ ಕರುಳಿಗೆ ತಗಲುವ ವೈರಸ್) ಸಿಕ್ಕಿದೆ. ನೋಡೋಕೆ ಇಲಿಗಳು ಚೆನ್ನಾಗೇ ಇವೆ. ತಿನ್ನುತ್ತವೆ, ಮರಿ ಹಾಕುತ್ತವೆ. ಕಷ್ಟ ಇರೋದೇ ಅಲ್ಲಿ. 2003ರಲ್ಲಿ ಮೊದಲು ವರದಿಯಾದ ಈ ವೈರಸ್‌ನ ಕೆಲವು ತಳಿಗಳು ತಿಂಗಳುಗಟ್ಟಲೆ ಕರುಳಲ್ಲೇ ಉಳಿದು, ಹಿಕ್ಕೆಯಲ್ಲಿ ಹೊರಬೀಳುತ್ತಲೇ ಇರುತ್ತವೆ. ನನ್ನ ಕೆಲಸ ಕರುಳಿನ ಉರಿಯೂತದ ಮೇಲೆ. ಇಷ್ಟು ದಿನದ ಫಲಿತಾಂಶವನ್ನು ಈಗ ನಂಬೋದು ಹೇಗೆ?

ಎಲ್ಲವನ್ನೂ ಕೊಲ್ಲಲು ನನಗೆ ಮನಸ್ಸಿಲ್ಲ. ಭ್ರೂಣ ವರ್ಗಾವಣೆಯಿಂದ (ಭ್ರೂಣಗಳನ್ನು ಸೋಂಕಿಲ್ಲದ ತಾಯಿಯ ಗರ್ಭದಲ್ಲಿಟ್ಟು) ಸೋಂಕಿಲ್ಲದ ಮರಿಗಳನ್ನು ಪಡೆಯಬಹುದು, ಆದರೆ ಖರ್ಚು ಜಾಸ್ತಿ. ಹುಟ್ಟಿದ ಕೂಡಲೇ ಮರಿಗಳನ್ನು ಸೋಂಕಿಲ್ಲದ ತಾಯಿಯ ಹತ್ತಿರ ಬಿಟ್ಟು ಯಾರಿಗಾದರೂ ಫಲ ಸಿಕ್ಕಿದೆಯಾ? ಪುಣೆ, ಮುಂಬೈ ಕಡೆ ಅನುಭವ ಇರುವವರು ದಯವಿಟ್ಟು ಬರೆಯಿರಿ.